ನಾಡಿ ಹೇಳಿದ ಸುಳ್ಳು

"ಬೇಡ... ಬಿಡಿ... ದಯವಿಟ್ಟು ಬಿಡಿ!"

ಅವನು ಬಿಡಲಿಲ್ಲ.

ಅವಳ ಎರಡೂ ಮಣಿಕಟ್ಟುಗಳನ್ನು ಒಂದೇ ಕೈಯಲ್ಲಿ ಹಿಡಿದು ತಲೆಯ ಮೇಲಕ್ಕೆತ್ತಿದ. ಅವಳ ಬೆನ್ನು ಗೋಡೆಗೆ ತಾಗಿತು. ಅವನ ಉಸಿರು ಕಿವಿಯ ಪಕ್ಕದಲ್ಲೇ ಬಿಸಿಬಿಸಿಯಾಗಿ...

"ನಿನ್ನ ಬಾಯಿ ಬೇಡ ಅನ್ನುತ್ತೆ," ಎಂದ ಅವನು, ತಗ್ಗಿದ ದನಿಯಲ್ಲಿ. "ಆದರೆ ನಿನ್ನ ನಾಡಿ ಬೇಕು ಅನ್ನುತ್ತೆ."

ಅಯ್ಯೋ ಅಂತ ಎದೆ ಹಿಡ್ಕೋಬೇಡಿ, ಸ್ವಲ್ಪ ತಾಳಿ! ಇಬ್ಬರ ಮಧ್ಯೆ ಒಂದು ಮೈಕು ನಿಂತಿತ್ತು. ಪಕ್ಕದ ಸ್ಟ್ಯಾಂಡಿನ ಮೇಲೆ ಸಂಭಾಷಣೆಯ ಹಾಳೆಗಳಿದ್ದವು. ಗಾಜಿನ ಆಚೆ ಸ್ಟುಡಿಯೋ ಓನರ್ ಕಾಲ ಮೇಲೆ ಕಾಲು ಹಾಕಿಕೊಂಡು ಚಹಾ ಕುಡಿಯುತ್ತಿದ್ದರು.

ಕಥೆ ಕೇಳಿಸುವ ಆ್ಯಪ್ ಇದೆಯಲ್ಲ, ನೀವೂ ಕೇಳ್ತೀರೇನೋ, ಅದಕ್ಕಾಗಿ ಧಾರಾವಾಹಿ ರೆಕಾರ್ಡ್ ಮಾಡುವ ಜಾಗ ಇದು. ಧಾರಾವಾಹಿಯ ಹೆಸರು 'ನನ್ನ ನಿರ್ದಯಿ ಒಡೆಯ'. ದೊಡ್ಡ ಶ್ರೀಮಂತ, ಕಲ್ಲು ಮನಸ್ಸಿನವನು, ನಾಯಕಿಯನ್ನು ಟೈಯಲ್ಲಿ ಕಟ್ಟಿಹಾಕುತ್ತಾನೆ, ಕೋಣೆಗೆ ಬೀಗ ಹಾಕುತ್ತಾನೆ, ಆಜ್ಞೆ ಮಾಡುತ್ತಾನೆ. ಅವಳು ಅಳುತ್ತಾಳೆ, ಆಮೇಲೆ ಕರಗುತ್ತಾಳೆ. ಪ್ರತಿ ಕಂತಿನಲ್ಲೂ ಇದೇ ಹಾಡು. ಆದರೂ ಕೇಳುವವರ ಲೆಕ್ಕವೇ ಇಲ್ಲ!

ಆ ನಾಯಕಿಯ ದನಿಯೇ ನಮ್ಮ ಹುಡುಗಿ. ಮನೆಯಲ್ಲಿ ಪುಟ್ಟಿ. ಮೂವತ್ತರ ಹತ್ತಿರ ಬಂದರೂ ಪುಟ್ಟಿ ಪುಟ್ಟಿಯೇ.

ಒಡೆಯನಿಗೆ ದನಿ ಕೊಡುವ ನಟನ ಗಂಟಲು ಆವತ್ತು ಪೂರ್ತಿ ಕಟ್ಟಿತ್ತು. ಕಂತು ಮರುದಿನ ಸಂಜೆಯೇ ಹೊರಗೆ ಬರಬೇಕು. ಓನರ್ ಅತ್ತ ಇತ್ತ ನೋಡಿ, ಗಾಜಿನ ಆಚೆ ಕೂತು ರೆಕಾರ್ಡಿಂಗ್ ಮಾಡುವವನನ್ನೇ ಎಳೆತಂದಿದ್ದರು. ದನಿ ಗಟ್ಟಿ, ಮಾತು ಕಡಿಮೆ. ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕರೆಯುವುದು ಮೌನಿ ಅಂತ.

ಇಷ್ಟು ಕಾಲವೂ ಪುಟ್ಟಿ ಗಾಜಿನ ಈಚೆ, ಮೌನಿ ಗಾಜಿನ ಆಚೆ. ಒಂದೇ ಕಡೆ ನಿಂತದ್ದು ಇದೇ ಮೊದಲು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಈ ಕೆಲಸದಲ್ಲಿ ಉಸಿರೇ ಬಂಡವಾಳ. ಓಡುವ ದೃಶ್ಯವಿದ್ದರೆ ನಿಂತಲ್ಲೇ ಓಡಬೇಕು. ಮುತ್ತಿನ ದೃಶ್ಯವಿದ್ದರೆ ತಮ್ಮ ಮುಂಗೈಗೆ ತಾವೇ ಮುತ್ತು ಕೊಟ್ಟುಕೊಳ್ಳಬೇಕು. ಊರನ್ನೆಲ್ಲ ಕರಗಿಸಿದ ಒಡೆಯನ ಮುತ್ತೆಲ್ಲ ಪುಟ್ಟಿಯ ಮುಂಗೈಗೇ ಬಿದ್ದದ್ದು, ಪಾಪ! ಆಮೇಲೆ ಬಾಗಿಲ ಮೇಲಿನ ಕೆಂಪು ದೀಪ ಹತ್ತಿದ ಮೇಲೆ ಏನೇ ಆಗಲಿ, ದೃಶ್ಯ ಮುಗಿಯುವವರೆಗೆ ಯಾರೂ ನಿಲ್ಲಿಸುವ ಹಾಗಿಲ್ಲ. ತಪ್ಪಾದರೆ ಆಮೇಲೆ ಕತ್ತರಿಸಿದರಾಯಿತು. ಅದು ಓನರ್ ಕಟ್ಟಳೆ.

"ಅವಳ ಕೈ ಹಿಡಿಯಯ್ಯಾ," ಎಂದಿದ್ದರು ಓನರ್. "ಹಿಡಿದರೆ ತಾನೇ ಉಸಿರು ಬರೋದು!"

ಮೌನಿ ಅವಳ ಮುಖ ನೋಡಿದ್ದ. "ಪರವಾಗಿಲ್ವಾ?"

"ಪರವಾಗಿಲ್ಲ," ಎಂದಿದ್ದಳು. ಸ್ವಲ್ಪ ಬೇಗನೇ ಹೇಳಿಬಿಟ್ಟಳೇನೋ...

ಯಾಕೆ ಬೇಗ? ನಿಮಗೆ ಗೊತ್ತಾಗಿರುತ್ತೆ. ಗಾಜಿನಾಚೆ ಗುಂಡಿಗಳ ಮೇಲೆ ಓಡಾಡುವ ಆ ಬೆರಳುಗಳನ್ನು ಅವಳು ಎಷ್ಟು ದಿನದಿಂದ ಕದ್ದು ನೋಡುತ್ತಿದ್ದಳು! ಈ ಕೈ ನನ್ನ ಕೈ ಹಿಡಿದರೆ ಹೇಗಿರುತ್ತೆ ಅಂತ ಯೋಚಿಸಿ ತಾನೇ ನಾಚಿಕೊಂಡಿದ್ದಳು.

ಹಿಡಿದಾಗ ಚೆನ್ನಾಗೇ ಇತ್ತು. ಮೈಯೆಲ್ಲ ಬೆಚ್ಚಗಾಯಿತು.

ಆದರೆ ಅವನು ಹಾಳೆಯಲ್ಲಿದ್ದ ಹಾಗೇ ಕೈಗಳನ್ನು ಮೇಲೆತ್ತಿದ... ಬೆನ್ನು ಗೋಡೆಗೆ ತಾಗಿತು... ಅಷ್ಟೇ. ಹಳೆಯದೊಂದು ಕಾರು, ಒಳಗಿನಿಂದ ಲಾಕ್ ಆದ ಬಾಗಿಲು, ನಗುತ್ತಿದ್ದ ಒಂದು ಮುಖ ಕಣ್ಣ ಮುಂದೆ ಬಂದುಬಿಟ್ಟಿತು.

"ಬೇಡ... ಬಿಡಿ..."

ಅದನ್ನು ನಾಯಕಿ ಹೇಳಲಿಲ್ಲ, ಪುಟ್ಟಿ ಹೇಳಿದಳು. ಆದರೆ ಹಾಳೆಯ ಮೇಲೂ ಅದೇ ಮಾತು ಬರೆದಿತ್ತಲ್ಲ! ಅವಳು ಕೈ ಎಳೆದುಕೊಂಡಳು. ಹಾಳೆಯಲ್ಲಿ 'ಬಿಗಿಯಾಗಿ ಹಿಡಿಯುತ್ತಾನೆ' ಅಂತಿತ್ತು. ಮೌನಿ ಬಿಗಿಯಾಗಿ ಹಿಡಿದ.

ದೀಪ ಆರಿತು. ಗಾಜಿನಾಚೆ ಓನರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಭಲೇ! ಎಂಥ ನಟನೆ ಕಣಮ್ಮಾ! ನಂಗೇ ಮೈ ಜುಂ ಅಂತು!"

ಪುಟ್ಟಿ ಬಾಗಿಲು ತಳ್ಳಿಕೊಂಡು ಹೊರಗೆ ಓಡಿದಳು.

ಮೆಟ್ಟಿಲ ಮೇಲೆ ಕೂತು ಮಣಿಕಟ್ಟು ಉಜ್ಜಿಕೊಳ್ಳುತ್ತಿದ್ದಾಗ ಮೌನಿ ನೀರಿನ ಬಾಟಲಿ ಹಿಡಿದು ಬಂದ. ಕಿವಿಯವರೆಗೂ ಕೆಂಪಾಗಿದ್ದ.

"ತುಂಬಾ... ತುಂಬಾ ಚೆನ್ನಾಗಿ ಬಂತು," ಎಂದ.

ಅಪರೂಪಕ್ಕೆ ಬಾಯಿ ಬಿಟ್ಟ ಪುಣ್ಯಾತ್ಮ, ಇದನ್ನೇ ಹೇಳಬೇಕಿತ್ತಾ!

ಅವಳು ತಲೆಯೆತ್ತಿದಳು. "ನಿಮಗೆ ಕೇಳಿಸಲಿಲ್ವಾ?"

"ಏನು?"

ಏನು ಅಂತೆ! ಉಸಿರಿನ ಒಂದು ಎಳೆ ಹೆಚ್ಚುಕಮ್ಮಿಯಾದರೂ ಹಿಡಿದುಬಿಡುವ ಕಿವಿ ಅವನದು. ನನ್ನ 'ಬೇಡ' ಮಾತ್ರ ಕೇಳಿಸಲಿಲ್ವಾ? ಅಥವಾ ಕೇಳಿಸಿಯೂ... ಇವನೂ ಅವನಂಥವನೇನಾ?

"ಏನಿಲ್ಲ," ಎಂದು ಚೀಲ ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟಳು.

ಮನೆಗೆ ಬಂದರೆ ಅತ್ತಿಗೆ ಬಟ್ಟೆ ಮಡಚುತ್ತಾ ಕೂತಿದ್ದಳು. ಕಿವಿಯಲ್ಲಿ ಇಯರ್‌ಫೋನು. ಅಮ್ಮನ ಮಟ್ಟಿಗೆ ಪುಟ್ಟಿ ಸೋಪಿನ ಜಾಹೀರಾತಿಗೆ ದನಿ ಕೊಡುವವಳು. ಸತ್ಯ ಗೊತ್ತಿದ್ದದ್ದು ಅತ್ತಿಗೆಗೊಬ್ಬಳಿಗೇ. ಅವಳೂ ಒಡೆಯನ ಪರಮ ಭಕ್ತೆ!

"ನಾಳೆಯ ಕಂತಿನ ತುಣುಕು ಹಾಕಿದ್ದಾರೆ ಕಣೇ," ಎಂದ ಅತ್ತಿಗೆಯ ಮುಖದಲ್ಲಿ ಎಂದಿನ ನಗೆ ಇರಲಿಲ್ಲ.

ಆಗಲೇ ಹಾಕಿಬಿಟ್ಟರಾ?

ಅತ್ತಿಗೆ ಒಂದು ಇಯರ್‌ಫೋನು ತೆಗೆದು ಅವಳ ಕಿವಿಗಿಟ್ಟಳು. 'ಬೇಡ... ಬಿಡಿ...' ತನ್ನದೇ ದನಿ. ಕೆಳಗೆ ಸಾಲು ಸಾಲು ಹೊಗಳಿಕೆ. ಏನು ನಟನೆ! ನಮ್ಮೆಜಮಾನ್ರೂ ಹೀಗಿದ್ದಿದ್ರೆ! ಪೂರ್ತಿ ಕಂತು ಯಾವಾಗ?

"ಇದು ನಟನೆ ಅಲ್ಲ," ಅತ್ತಿಗೆ ಮೆಲ್ಲನೆ ಹೇಳಿದಳು. "ಆವತ್ತು ಅವನ ಕಾರಿಂದ ಇಳಿದು ಬಂದೆಯಲ್ಲ... ಅಡುಗೆಮನೆಯಲ್ಲಿ ನನ್ನ ತಬ್ಬಿಕೊಂಡು ಹೀಗೇ ಉಸಿರಾಡ್ತಿದ್ದೆ."

ಪುಟ್ಟಿಯ ಕಣ್ಣಲ್ಲಿ ಬಳಬಳನೆ ನೀರು ಬಂತು.

ಆ ಕಾರಿನವನು ಅವಳಿಗೆ ನಿಶ್ಚಯವಾಗಿದ್ದ ಹುಡುಗ. ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಬೇಡ ಅಂದಷ್ಟೂ ನಗುತ್ತಿದ್ದ. 'ಏನು ನಾಚಿಕೆ ನೋಡು' ಅಂತಿದ್ದ. ಪುಟ್ಟಿ ಮದುವೆ ಬೇಡವೆಂದಾಗ ಮನೆಮಂದಿಯೆಲ್ಲ ಮೇಲೆ ಬಿದ್ದಿದ್ದರು. ಕೈ ಹಿಡಿದ ಮಾತ್ರಕ್ಕೆ ಸಂಬಂಧ ಮುರಿಯೋದಾ? ಹುಚ್ಚಾ ನಿನಗೆ? ಆಗ ಅವಳ ಬೆನ್ನಿಗೆ ನಿಂತವಳು ಈ ಅತ್ತಿಗೆ ಮಾತ್ರ.

"ಈಗ ಯಾರು ಕೈ ಹಿಡಿದದ್ದು?" ಅತ್ತಿಗೆ ಕೇಳಿದಳು.

"ಮೌನಿ."

"ಅಯ್ಯೋ, ನೀನು ದಿನಾ ಹೇಳ್ತಿದ್ದ ಮೌನಿನಾ?"

"ಹೂಂ..." ಪುಟ್ಟಿ ಮುಖ ಮುಚ್ಚಿಕೊಂಡಳು. "ಹಿಡೀಲಿ ಅಂತ ನನಗೇ ಆಸೆ ಇತ್ತು ಅತ್ತಿಗೆ. ಪರವಾಗಿಲ್ಲ ಅಂದವಳೂ ನಾನೇ. ಆಮೇಲೆ ಬೇಡ ಅನಿಸ್ತು. ಈಗ ಯಾವ ಮುಖ ಇಟ್ಕೊಂಡು ಕೇಳಲಿ?"

"ಇರೋ ಮುಖಾನೇ ಇಟ್ಕೊಂಡು ಕೇಳು!" ಅತ್ತಿಗೆ ಮಡಚಿದ ಸೀರೆಯನ್ನು ದಪ್ಪೆಂದು ಇಟ್ಟಳು. "ಒಂದು ಸಲ ಹೂಂ ಅಂದ್ರೆ ಜನ್ಮಪೂರ್ತಿ ಹೂಂ ಅಂತನಾ? ನಿನ್ನ ಗೋಳನ್ನ ನಾಳೆ ಊರೆಲ್ಲ ಕಿವಿಗೆ ಹಾಕ್ಕೊಂಡು ಮಜಾ ತಗೋಬೇಕಾ? ಬೆಳಗ್ಗೆ ಹೋಗು. ಬೇಡ ಅಂತ ಹೇಳು."

ಹೇಳೋದೇನೋ ಸುಲಭ. ಕೇಳಿಸಿಕೊಳ್ಳೋರು ಬೇಕಲ್ಲ...

ಬೆಳಗ್ಗೆ ಸ್ಟುಡಿಯೋ ಬಾಗಿಲು ತೆಗೆದಾಗ ಮೂವರು ಆಗಲೇ ಅಲ್ಲಿದ್ದರು. ಓನರ್ ಮುಖ ಗಂಟಿಕ್ಕಿಕೊಂಡಿದ್ದರು. ಅವರ ಪಕ್ಕದಲ್ಲಿ ಕನ್ನಡಕ ಸರಿಮಾಡಿಕೊಳ್ಳುತ್ತಾ ಮೇಡಂ. ಈ ಧಾರಾವಾಹಿ ಬರೆಯುವವರು ಇವರೇ. ನಿವೃತ್ತ ಗಣಿತದ ಟೀಚರ್, ಮೊಮ್ಮಕ್ಕಳಿರುವ ಹೆಂಗಸು. ಟೈ, ಹಗ್ಗ, ಬೀಗ ಎಲ್ಲ ಹುಟ್ಟಿದ್ದು ಇವರ ತಲೆಯಲ್ಲಿ ಅಂದರೆ ಯಾರೂ ನಂಬುವುದಿಲ್ಲ.

ಮೌನಿಯ ಕಣ್ಣು ಕೆಂಪೇರಿತ್ತು. ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ.

"ಬಾರಮ್ಮಾ," ಓನರ್ ಶುರುಮಾಡಿದರು. "ಈ ಮಹಾನುಭಾವ ಬೆಳಬೆಳಗ್ಗೆ ನಮ್ಮನ್ನೆಲ್ಲ ಕರೆಸಿದ್ದಾನೆ. ಅದು ನಟನೆ ಅಲ್ವಂತೆ! ಹೌದೇನು?"

ಪುಟ್ಟಿ ತಲೆಯಾಡಿಸಿದಳು.

"ಅಲ್ಲ ಸರ್. ನಟನೆ ಅಲ್ಲ. ಅದನ್ನ ಹಾಕಬೇಡಿ."

"ಹಾಕಬೇಡಿ ಅಂದ್ರೆ? ತುಣುಕು ಕೇಳಿ ಜನ ಬಾಯಿ ಬಾಯಿ ಬಿಡ್ತಿದ್ದಾರೆ! ಇಂಥ ಉಸಿರು ಹುಡುಕಿದ್ರೂ ಸಿಗಲ್ಲ. ನಿನಗೇನು ನಷ್ಟ? ನಿನ್ನ ಮುಖ ಕಾಣುತ್ತಾ?"

"ಒಂದು ನಿಮಿಷ," ಮೇಡಂ ಕೈಯೆತ್ತಿದರು, ತರಗತಿಯಲ್ಲಿ ಎತ್ತುವ ಹಾಗೆ. "ನನ್ನ ಕಥೆಯನ್ನೇ ಬಯ್ಯೋಕೆ ಹೊರಟಿದ್ದರೆ ಈಗಲೇ ಹೇಳ್ತೀನಿ ಕೇಳು. ದಿನವಿಡೀ ಮನೆಯವರ ಮಾತು, ಆಫೀಸಿನವರ ಮಾತು ಕೇಳಿ ಕೇಳಿ ಹೆಂಗಸರಿಗೆ ಸುಸ್ತಾಗಿರುತ್ತೆ. ನನ್ನ ಪಾಲಿನ ತೀರ್ಮಾನ ಎಲ್ಲ ಇನ್ನೊಬ್ಬ ತಗೊಳ್ಳಲಿ, ಆದರೆ ನನ್ನ ಸುಖಕ್ಕೆ ತಗೊಳ್ಳಲಿ ಅಂತ ಆಸೆಪಡ್ತಾರೆ. ನಾನು ಆ ಕನಸು ಬರೀತೀನಿ. ಪಾಠ ಮಾಡಿ ಮಾಡಿ ನನಗೆ ಸಾಕಾಗಿದೆಯಮ್ಮಾ! ನಿನಗೆ ಈ ಕಥೆ ಇಷ್ಟ ಇಲ್ವಾ?"

ಪುಟ್ಟಿ ನೆಲ ನೋಡಿದಳು. ಸುಳ್ಳು ಹೇಳಿದರೆ ಸುಲಭವಾಗಿ ಮುಗಿಯುತ್ತಿತ್ತು.

"ಇಷ್ಟ ಮೇಡಂ," ಎಂದಳು. "ಅದೇ ನನ್ನ ಸಂಕಟ. ಕಥೆಯಲ್ಲಿ ಒಡೆಯ ಕಟ್ಟಿ ಹಾಕಿದಾಗ ನನಗೂ ಏನೇನೋ ಆಗುತ್ತೆ. ಅಂಥ ಆಟ ಇಷ್ಟಪಡೋರು ಇರ್ತಾರೆ, ನಾನೂ ಪಡ್ತೀನೇನೋ, ಗೊತ್ತಿಲ್ಲ. ಆದ್ರೆ ಓದುವಾಗ ಪುಸ್ತಕ ನನ್ನ ಕೈಲಿರುತ್ತೆ. ಸಾಕು ಅನಿಸಿದಾಗ ಮುಚ್ಚಬಹುದು. ನಿನ್ನೆ... ಮುಚ್ಚೋಕೆ ನನ್ನ ಹತ್ರ ಏನೂ ಇರಲಿಲ್ಲ. ಕೈ ಎರಡೂ ಅವರ ಹತ್ರ ಇತ್ತು. ಬೇಡ ಅನ್ನೋ ಮಾತನ್ನ ನಿಮ್ಮ ಕಥೆ ತಗೊಂಡುಬಿಟ್ಟಿತ್ತು. ಇನ್ನೇನಂತ ಕೂಗಲಿ ಮೇಡಂ?"

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು, ಒರೆಸುತ್ತಲೇ ಇದ್ದರು.

ಪುಟ್ಟಿ ಈಗ ಮೌನಿಯ ಕಡೆ ತಿರುಗಿದಳು. ಕೇಳಲೇಬೇಕಿತ್ತು.

"ನಿಮಗೆ ನಿಜವಾಗ್ಲೂ ಗೊತ್ತಾಗಲಿಲ್ವಾ?"

ಅವನು ಕೊರಳಲ್ಲಿದ್ದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ತಪ್ಪಾಗಿ ಗೊತ್ತಾಯ್ತು," ಎಂದ. "ನಿಮ್ಮ ನಾಡಿ ನನ್ನ ಬೆರಳಡಿಗೆ ಓಡ್ತಿತ್ತು. ಹಾಳೆ ಮೇಲೂ ಹಾಗೇ ಬರೆದಿತ್ತು. ಬಾಯಲ್ಲಿ ಬೇಡ, ನಾಡಿಯಲ್ಲಿ ಬೇಕು ಅಂತ. ನಾನು... ನನಗೋಸ್ಕರ ಓಡ್ತಿದೆ ಅಂದ್ಕೊಂಡೆ. ಹಾಗೆ ಅಂದ್ಕೊಳ್ಳೋಕೆ ನನಗೆ ಇಷ್ಟ ಇತ್ತು. ಭಯಕ್ಕೂ ನಾಡಿ ಹಾಗೇ ಓಡುತ್ತೆ ಅಂತ ತಲೆಗೆ ಬರಲೇ ಇಲ್ಲ. ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಕೇಳಿದೆ. ನೀವು ಅಳ್ತಿದ್ರಿ. ನಾನು ನಿಮ್ಮ ಕಿವಿಯಲ್ಲಿ ಡೈಲಾಗ್ ಹೇಳ್ತಿದ್ದೆ... ಕ್ಷಮಿಸಿ ಅನ್ನೋ ಯೋಗ್ಯತೆನೂ ನನಗಿಲ್ಲ."

ಅಂದರೆ... ಇವನು ನನ್ನನ್ನ... ಪುಟ್ಟಿಯ ಎದೆಯೊಳಗೆ ಕೋಪವೂ ಇತ್ತು, ಇನ್ನೊಂದೂ ಇತ್ತು. ಯಾವುದನ್ನು ಮೊದಲು ಎತ್ತಿಕೊಳ್ಳಬೇಕೋ ತಿಳಿಯಲಿಲ್ಲ.

"ಮತ್ತೆ ನೀವೇ ರಾತ್ರಿ ಅಳಿಸಿಬಿಡಬಹುದಿತ್ತಲ್ಲ?" ಎಂದಳು.

"ಬಹುದಿತ್ತು. ಕೈ ಗುಂಡಿ ಮೇಲೇ ಇತ್ತು. ಆದ್ರೆ ಅದು ನಿಮ್ಮ ದನಿ. ನಿಮ್ಮನ್ನ ಕೇಳದೆ ಮತ್ತೊಂದು ಸಲ ನಾನೇ ತೀರ್ಮಾನ ಮಾಡೋದು ಬೇಡ ಅನಿಸ್ತು." ಅವನು ಕುರ್ಚಿ ಬಿಟ್ಟು ಎದ್ದು ದೂರ ನಿಂತ. "ಇಡಬೇಕಾ, ಅಳಿಸಬೇಕಾ, ನೀವು ಹೇಳಿ."

"ಏಯ್, ಸ್ಟುಡಿಯೋ ನನ್ನದಯ್ಯಾ!" ಓನರ್ ಹಾರಿಬಿದ್ದರು.

"ಹೌದು ಸರ್. ಅವರು ಬೇಡ ಅಂದ್ರೆ ನಾನಂತೂ ಕಳಿಸಲ್ಲ. ಬೇರೆ ಯಾರನ್ನಾದ್ರೂ ಕೂರಿಸ್ಕೊಳ್ಳಿ."

"ನನ್ನ ಮುಂದಿನ ಕಂತೂ ಬರಲ್ಲ," ಎಂದರು ಮೇಡಂ ಕನ್ನಡಕ ಹಾಕಿಕೊಳ್ಳುತ್ತಾ.

ಓನರ್ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಎಲ್ಲ ಸೇರಿ ನನ್ನ ತಲೆ ಮೇಲೆ ಮೆಣಸು ಅರೀರಿ! ಸಂಜೆಗೆ ಏನು ಹಾಕಲಿ, ನನ್ನ ಗೊರಕೆನಾ?"

ಪುಟ್ಟಿ ಮೌನಿಯ ಕುರ್ಚಿಯಲ್ಲಿ ಕೂತಳು. ತನ್ನ ಕೈಯಾರೆ ಅಳಿಸಿದಳು. ಪರದೆಯ ಮೇಲೆ ಏರಿಳಿಯುತ್ತಿದ್ದ ಗೆರೆ ಮಾಯವಾದಾಗ ಬಿಗಿಹಿಡಿದಿದ್ದ ಉಸಿರನ್ನು ಹೊರಗೆ ಬಿಟ್ಟಳು.

ಮೇಡಂ ಅಲ್ಲೇ ಕೂತು ದೃಶ್ಯವನ್ನು ಹೊಸದಾಗಿ ಬರೆದರು. ಈ ಸಲ ಒಡೆಯ ಕಟ್ಟುವ ಮೊದಲು ಕೇಳಿದ. ಅವಳು ಸಾಕು ಅಂದಾಗ ಬಿಚ್ಚಿದ. ಬಿಚ್ಚಿ, ಪಕ್ಕದಲ್ಲಿ ಕೂತು, ನೀರು ಕೊಟ್ಟ. ಮಧ್ಯಾಹ್ನ ಅದೇ ರೆಕಾರ್ಡಿಂಗ್ ಕೋಣೆಯಲ್ಲಿ, ಯಾರೂ ಯಾರ ಕೈಯನ್ನೂ ಹಿಡಿಯದೆ, ಇಬ್ಬರೂ ಮಾರು ದೂರ ನಿಂತು ಓದಿ ಮುಗಿಸಿದರು.

ಓನರ್ ಗೊಣಗುತ್ತಲೇ ತುಣುಕನ್ನು ತೆಗೆಸಿದರು. ಸಂಜೆ ಕಂತು ಬಂತು. 'ಒಡೆಯ ಮೆತ್ತಗಾದ, ಥೂ!' ಎಂದು ಕೆಲವರು ಬೈದರು. ಅತ್ತಿಗೆ ಮಾತ್ರ ಎರಡು ಸಲ ಕೇಳಿದಳು. "ನೀರು ಕೊಟ್ಟನಲ್ಲೇ, ಅಲ್ಲಿ ನನಗೆ ಅಳು ಬಂತು," ಎಂದಳು.

ಎಲ್ಲ ಸರಿಹೋಯಿತು ಅಂದುಕೊಂಡಿರಾ? ಎಲ್ಲಿಂದ!

ಅಂದಿನಿಂದ ಮೌನಿ ಪುಟ್ಟಿಯನ್ನು ಕಂಡರೆ ಬಿಸಿ ಹಾಲು ಕುಡಿದ ಬೆಕ್ಕಿನ ಹಾಗೆ ಹಿಂದೆ ಸರಿಯತೊಡಗಿದ. ಅವಳು ಒಳಗೆ ಬಂದರೆ ಅವನು ಹೊರಗೆ. ಹಾಳೆ ಕೊಡಬೇಕಾದರೆ ಮೇಜಿನ ಮೇಲಿಟ್ಟು ಸರಿದು ನಿಲ್ಲುತ್ತಿದ್ದ. ಹೆಸರು ಬಿಟ್ಟು 'ಮೇಡಂ' ಅನ್ನತೊಡಗಿದ. ಮೊದಮೊದಲು ಅವಳಿಗೂ ಅದೇ ಬೇಕಿತ್ತು. ಬರಬರುತ್ತಾ ಅವಳೇ ಗಾಜಿನಾಚೆ ಅವನನ್ನು ಹುಡುಕತೊಡಗಿದಳು. ಒಂದು ದಿನ ಓನರ್ ಮಾತಿನ ನಡುವೆ ಅಂದರು, "ನಮ್ಮ ಮೌನಿ ಬೇರೆ ಕಡೆ ಕೆಲಸ ನೋಡ್ಕೊಂಡಿದ್ದಾನೆ ಕಣಮ್ಮಾ. ಇವತ್ತೇ ಕೊನೆ."

ಪುಟ್ಟಿ ಹಾಳೆಗಳನ್ನು ಅಲ್ಲೇ ಎಸೆದು ಕೆಳಗಿಳಿದಳು.

ಅವನು ರಸ್ತೆಯಾಚೆ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ಅವಳನ್ನು ನೋಡಿ ಗಡಬಡಿಸಿ ಎದ್ದ.

"ಕೂತ್ಕೊಳ್ಳಿ!" ಎಂದಳು.

ಕೂತ.

"ಹೇಳದೆ ಕೇಳದೆ ಹೊರಟ್ರಾ?"

"ನೀವು ನೆಮ್ಮದಿಯಾಗಿ ಕೆಲಸ ಮಾಡ್ಬೇಕು. ನನ್ನ ಮುಖ ನೋಡಿದಾಗಲೆಲ್ಲ ನಿಮಗೆ ಆ ದಿನ ನೆನಪಾಗುತ್ತೆ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ..."

"ನನಗೆ ಏನು ನೆನಪಾಗುತ್ತೆ ಅಂತ ನೀವು ಹೇಗೆ ಹೇಳ್ತೀರಿ?" ಅವಳ ಕಣ್ಣು ಉರಿಯುತ್ತಿತ್ತು. "ಕೇಳಿದ್ರಾ ನನ್ನ? ಆವತ್ತು ನನ್ನ ಮಾತು ಕೇಳಿಸ್ಕೊಳ್ಳದೆ ಹಿಡ್ಕೊಂಡ್ರಿ. ಇವತ್ತು ಕೇಳಿಸ್ಕೊಳ್ಳದೆ ಬಿಟ್ಟು ಹೋಗ್ತಿದ್ದೀರಿ. ಎರಡು ಸಲವೂ ನನ್ನ ಪರವಾಗಿ ನೀವೇ ತೀರ್ಮಾನ ಮಾಡಿದ್ರಿ! ನಿಮಗೂ ಆ ಒಡೆಯನಿಗೂ ಏನು ವ್ಯತ್ಯಾಸ?"

ಮೌನಿ ಪೆಟ್ಟು ತಿಂದವನ ಹಾಗೆ ಅವಳನ್ನೇ ನೋಡಿದ. ಅಂಗಡಿಯವನು ಗ್ಲಾಸು ತೊಳೆಯುವುದನ್ನು ನಿಲ್ಲಿಸಿ ಇತ್ತ ಕಿವಿಕೊಟ್ಟ. ಕೊಡಲಿ ಬಿಡಿ, ಅವನಿಗೂ ಕಥೆ ಬೇಕಲ್ಲ!

"ಹಾಗಾದ್ರೆ..." ಮೌನಿ ತಡವರಿಸಿದ. "ಈಗ ಕೇಳಲಾ?"

"ಕೇಳಿ."

"ನನ್ನ ಮೇಲೆ ಕೋಪ ಇದೆಯಾ?"

"ಇದೆ. ಇನ್ನೂ ಸ್ವಲ್ಪ ದಿನ ಇರುತ್ತೆ."

"ನಾನು ಹೋಗಬೇಕಾ?"

"ಬೇಡ."

"ನಾನು ನಿಮ್ಮನ್ನ ಪ್ರೀತಿಸ್ತೀನಿ. ಆ ಕಂತಿಗಿಂತ ಎಷ್ಟೋ ಮೊದಲಿಂದ. ಅದನ್ನ ಹೇಳಬಹುದಾ?"

"ಹೇಳಿಯಾಯ್ತಲ್ಲ!" ಅವಳಿಗೆ ಅಳುವಿನ ನಡುವೆ ನಗು ಬಂತು.

ಅವನೂ ನಕ್ಕ. ಕೈ ತಾನಾಗಿ ಮುಂದೆ ಬಂತು, ಅರ್ಧದಲ್ಲೇ ನಿಂತಿತು. "ಕೈ ಹಿಡೀಲಾ?"

ಪುಟ್ಟಿಯ ಎದೆ ಬಡಿದುಕೊಳ್ಳುತ್ತಿತ್ತು. ಬೇಕು ಅಂತ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳಿಗೆ ಒಂದು ವಿಷಯ ಗೊತ್ತಾಗಲೇಬೇಕಿತ್ತು, ಗೊತ್ತಾಗದೆ ಜನ್ಮದಲ್ಲಿ ನಿದ್ದೆ ಬರುವಂತಿರಲಿಲ್ಲ.

"ಬೇಡ," ಎಂದಳು.

ಕಣ್ಣು ಮಿಟುಕಿಸದೆ ಅವನ ಮುಖ ನೋಡಿದಳು. ಈಗ ಮುಖ ಊದುತ್ತಾನಾ? ಈಗ ನಗುತ್ತಾನಾ, ಏನು ನಾಚಿಕೆ ಅಂತ? ಈಗ 'ಮತ್ಯಾಕೆ ಬಂದೆ' ಅಂತಾನಾ?

"ಸರಿ," ಎಂದ ಮೌನಿ. ಕೈ ಹಿಂದಕ್ಕೆ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಅಂಗಡಿಯವನ ಕಡೆ ತಿರುಗಿ, "ಇನ್ನೊಂದು ಚಹಾ ಕೊಡಪ್ಪಾ, ಅವರಿಗೆ," ಎಂದ. ಅವನ ಮುಖದಲ್ಲಿ ಕೋಪವಿರಲಿಲ್ಲ, ಲೆಕ್ಕಾಚಾರವಿರಲಿಲ್ಲ, ಮುನಿಸೂ ಇರಲಿಲ್ಲ. ಅವಳು ಬೇಡ ಅಂದಳು, ಅವನಿಗೆ ಕೇಳಿಸಿತು. ಅಷ್ಟೇ.

ಅಷ್ಟಕ್ಕೇ ಪುಟ್ಟಿ ಬಿಕ್ಕಿ ಬಿಕ್ಕಿ ಅತ್ತಳು! ನಡುರಸ್ತೆಯಲ್ಲಿ, ಹಾಡಹಗಲಲ್ಲಿ, ಚಹಾ ಅಂಗಡಿಯವನ ಎದುರಿಗೆ. ಎಷ್ಟೋ ವರ್ಷದಿಂದ ಒಳಗೆ ಕಟ್ಟಿಕೊಂಡಿದ್ದದ್ದು ಹರಿದು ಹೊರಗೆ ಬಂತು.

ಮೌನಿ ಗಾಬರಿಯಾದ. ಆದರೂ ಕೈ ಚಾಚಲಿಲ್ಲ.

ಅತ್ತು ಮುಗಿದ ಮೇಲೆ ಅವಳೇ ಮೂಗು ಒರೆಸಿಕೊಂಡು, ಬೆಂಚಿನ ಮೇಲೆ ತನ್ನ ಕೈಯಿಟ್ಟು, ಅವನ ಕಡೆ ಸರಿಸಿದಳು.

"ಈಗ ಹಿಡೀರಿ. ನನಗೂ ನೀವು ಅಂದ್ರೆ ಪ್ರಾಣ."

ಅವನು ಹಿಡಿದ. ಬಿಗಿಯಾಗೇ ಹಿಡಿದ. ಅವಳಿಗೆ ಒಂದಿಷ್ಟೂ ಹೆದರಿಕೆಯಾಗಲಿಲ್ಲ.

"ಎಷ್ಟು ಹೊತ್ತು ಹಿಡ್ಕೋಬಹುದು?"

"ನಾನು ಸಾಕು ಅನ್ನೋವರೆಗೂ."

"ನೀವು ಸಾಕು ಅನ್ನದೇ ಇದ್ರೆ?"

"ಹಾಗಾದ್ರೆ," ಎಂದಳು ಪುಟ್ಟಿ, "ಮನೆಗೆ ಬಂದು ನಮ್ಮ ಅತ್ತಿಗೆ ಹತ್ರ ಮಾತಾಡಿ."